ಗಂಜಿ ಬಿಡದ ಚೀಲ

ಗೂಟಕ್ಕೆ ತೂಗುಹಾಕಿದ್ದ ಅಂಗಿಯ ಜೇಬಿನಲ್ಲಿ ಫೋನು ಮತ್ತೆ ಗುರುಗುಟ್ಟಿ ಸುಮ್ಮನಾಯಿತು. ಹಿತ್ತಲ ಕಟ್ಟೆಯ ಮೇಲೆ ಕೂತು, ಒಂದೇ ತಂಬಿಗೆ ನೀರಿನಲ್ಲಿ ಮುಖ, ಕೈ, ಕಾಲು ಮೂರನ್ನೂ ಹೇಗೆ ಮುಗಿಸುವುದೆಂದು ನೋಡುತ್ತಿದ್ದ ಫಕೀರೇಶ ಒಳಕ್ಕೆ ತಿರುಗಲಿಲ್ಲ. ತಿರುಗದೆಯೂ ಗೊತ್ತಿತ್ತು, ಅದು ದೇವಕಿ. ನಸುಕಿನಲ್ಲಿ ಅವಳು ಕಳಿಸಿದ್ದ ವಿಡಿಯೋವನ್ನು ಇದೇ ಕಟ್ಟೆಯ ಮೇಲೆ ಹೆಂಡತಿಗೆ ಬೆನ್ನು ಮಾಡಿ ಕೂತು ನೋಡಿದ್ದ. ಘಟ್ಟದ ಕೆಳಗಿನ ಹೊಯಿಗೆಕೇರಿಯ ದಂಡೆ, ಮಳೆಗೆ ಮಸುಕಾದ ಬೆಳಕು, ಕಡಲಿಗೆ ಅಡ್ಡವಾಗಿ ಮೆಟ್ಟಿಲುಮೆಟ್ಟಿಲಾಗಿ ಪೇರಿಸಿದ ಮರಳಿನ ಚೀಲಗಳ ಗೋಡೆ. ಚೀಲಗಳು ಬೆಟಗೇರಿಯವು, ತನ್ನ ಶೆಡ್ಡಿನಲ್ಲಿ, ತನ್ನ ಮಗ್ಗಗಳ ಮೇಲೆ, ಪುಂಡಿನಾರಿನಿಂದ ನೇಯ್ದವು. ನೀರು ಒಳಗಿಳಿಯದಂತೆ ಅವುಗಳ ಮೈಗೆ ಬಳಿದಿದ್ದ ಗೇರೆಣ್ಣೆಯ ಕಪ್ಪು ಪದರ ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಅಲ್ಲಲ್ಲಿ ಸುಲಿದು ಜೋತಾಡುತ್ತಿತ್ತು. ದೇವಕಿಯ ಕೈ ಚಿತ್ರದೊಳಗೆ ಬಂದು, ಒಂದು ಸಿಪ್ಪೆಯನ್ನು ಎರಡು ಬೆರಳಲ್ಲಿ ಹಿಡಿದೆಳೆದು, ಒಳಗಿನ ಬತ್ತಲೆ ನಾರನ್ನು ತೋರಿಸಿ ಹಿಂದೆ ಸರಿದಿತ್ತು. ಅದರ ಬೆನ್ನಿಗೇ ಅವಳ ದನಿ. “ಫಕೀರಣ್ಣ, ಇವತ್ತು ಅಮಾಸೆ. ಸಂಜೆಗೆ ನೀರು ಏರ್ತದೆ. ಅತ್ತೆಯನ್ನು ಹೊತ್ಕೊಂಡು ಶಾಲೆಗೆ ಹೋಗುದಾ, ಇಲ್ಲೇ ಇರುದಾ? ಹೋದ ವರ್ಷ ಹಾಗೆ ಹೊತ್ಕೊಂಡು ಹೋಗಿ, ಮಳೆಗೆ ನೆಂದು, ಜ್ವರ ಬಂದು ಸಾಯ್ಲಿಕ್ಕೆ ಬಿದ್ದಿದ್ರು. ಗೋಡೆ ನಿಲ್ತದೆ ಅಂತ ನೀವು ಒಂದು ಮಾತು ಹೇಳಿ, ಸಾಕು. ಚೀಲ ಮಾಡಿದವರು ನೀವಲ್ವಾ.”

ಮಾಡಿದವನು ತಾನೇ. ಅದಕ್ಕೇ ಗೋಡೆ ನಿಲ್ಲುವುದಿಲ್ಲವೆಂದು ಗೊತ್ತಿತ್ತು. ಈ ಭೂಮಿಯ ಮೇಲೆ ಅದು ಗೊತ್ತಿದ್ದವರು ಇಬ್ಬರೇ, ತಾನು ಮತ್ತು ಎಣ್ಣೆ ಬಳಿದ ಅಲ್ಲಾಸಾಬ. ಬೆಟಗೇರಿಯ ನೇಕಾರ ನೂಲಿಗೆ ಗಂಜಿ ಕೊಡದೆ ಮಗ್ಗಕ್ಕೆ ಏರಿಸುವುದೆಂದರೆ ಮದುಮಗನನ್ನು ಅರಿಷಿಣ ಹಚ್ಚದೆ ಹಂದರಕ್ಕೆ ಕರೆತಂದ ಹಾಗೆ, ಕೈ ಒಪ್ಪುವುದಿಲ್ಲ. ಅದರಲ್ಲೂ ಪುಂಡಿನಾರು ಸೀರೆಯ ನೂಲಿನಷ್ಟು ಸಾಧುವಲ್ಲ, ಮುಟ್ಟಿದರೆ ಮುನಿದು ಹರಿಯುವ ಜಾತಿ. ಜೋಳದ ಹಿಟ್ಟಿನ ಗಂಜಿಯನ್ನು ಗಟ್ಟಿಯಾಗಿಯೇ ಕುಡಿಸಿದ್ದರು. ಕಲ್ಲಿನ ಗೋಡೆ ವರ್ಷವರ್ಷವೂ ಮರಳಿನಲ್ಲಿ ಹೂತು ಹೋಗುತ್ತದೆಂದು ಈ ಹೊಸ ಸಾಮಾನಿನ ಪ್ರಯೋಗಕ್ಕೆ ಹೊರಟಿದ್ದ ಎಂಜಿನಿಯರ್ ಸಾಹೇಬರು ಇಲ್ಲಿಗೇ ಬಂದು, ಮಗ್ಗದ ಪಕ್ಕ ನಿಂತು ಹೇಳಿದ್ದರು: ನೇಯ್ದಾದ ಮೇಲೆ ಗಂಜಿ ಪೂರಾ ಹೋಗುವವರೆಗೆ ತೊಳೆಯಿರಿ, ಒಣಗಿಸಿ, ಆಮೇಲೆ ಎಣ್ಣೆ. ಎಣ್ಣೆ ನಾರಿನ ಒಳಗೆ ಇಳಿಯಬೇಕು, ಮೇಲೆ ಕೂರಬಾರದು. ಇವನು ತಲೆ ಆಡಿಸಿದ್ದ. ಚೈತ್ರದ ಆ ಸಂಜೆ ಚೀಲಗಳ ರಾಶಿ ಶೆಡ್ಡಿನ ತೊಲೆ ಮುಟ್ಟುತ್ತಿತ್ತು, ನಾಳೆಯೇ ಲಾರಿ ಬರುವುದಿತ್ತು, ನಳ ಬಂದು ಎರಡು ವಾರವಾಗಿತ್ತು. ಅಲ್ಲಾಸಾಬ ಎಣ್ಣೆಯ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು, “ತೊಳಿಯೂದು ಹ್ಯಾಂಗ್ರಿ? ಕುಡ್ಯಾಕ ನೀರಿಲ್ಲ,” ಎಂದು ಕೇಳಿದ್ದ. ಆಗ ಬಾಯಿಗೆ ಬಂದ ಮಾತು. “ಸಮುದ್ರಕ್ಕ ಹೊಂಟಾವ್ರಿ ಇವು! ಅಲ್ಲಿ ನೀರಿಗೇನ್ ಬರಗಾಲ? ತಾವ ತೊಳಕೊಂತಾವ, ಹಚ್ರಿ ಎಣ್ಣಿ.” ಇಡೀ ಶೆಡ್ಡು ನಕ್ಕಿತ್ತು, ತೊಳೆಯದಿದ್ದರೆ ಏನಾಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡಿದ್ದರು. ಅಷ್ಟು ಒಳ್ಳೆಯ ಮಾತನ್ನು ತಾನು ಹಿಂದೆಂದೂ ಆಡಿರಲಿಲ್ಲವೆಂದು ಅವನಿಗೆ ಹೆಮ್ಮೆಯೂ ಆಗಿತ್ತು.

ಒಳಗೆ ಹೆಂಡತಿ ಶೈಲಾ ಎರೆಮಣ್ಣು ಕಲಸಿ ಎತ್ತು ಮಾಡುತ್ತಿದ್ದಳು. ಮಣ್ಣೆತ್ತಿನ ಅಮಾವಾಸ್ಯೆ. ಒಂದು ಜೋಡಿ ಆಗಲೇ ಹಲಗೆಯ ಮೇಲೆ ನಿಂತಿತ್ತು. ಇನ್ನೊಂದರ ಕೋಡು ನಿಲ್ಲದೆ ಬಾಗುತ್ತಿತ್ತು. ನೀರು ಹೆಚ್ಚಾಗಿದೆ ಎಂದು ಅವನಿಗೆ ಕಂಡಿತು. ಹೇಳಲಿಲ್ಲ. ನೀರು ಹೆಚ್ಚಾಯಿತು ಎನ್ನುವ ಮಾತು ಈ ಮನೆಯಲ್ಲಿ ಯಾರಿಗೆ ಶೋಭಿಸುತ್ತದೆ.

“ಇವತ್ತರ ಮಾರಿ ಸ್ವಲ್ಪ ನಗ್ತಿರ್ಲಿ,” ಎಂದಳು ಶೈಲಾ, ಮಣ್ಣುಗೈಯಲ್ಲೇ ಹಣೆಯ ಕೂದಲು ಸರಿಸುತ್ತ. “ಸನ್ಮಾನದಾಗ ಶಾಲು ಹೊಚ್ಚೂವಾಗ ಫೋಟೋ ತಗೀತಾರ. ಮೊನ್ನೆ ಲಗ್ನದಾಗ ತಗದದ್ದರಾಗ ಸತ್ತವರ ಮನ್ಯಾಗ ಕುಂತಂಗ ಕುಂತೀರಿ.”

“ಹೂಂ.”

“ಫೋನ್ ಬರಾಕತ್ತೈತಿ ಆಗಿಂದ. ತಗೀಬಾರದೇನ್ರಿ?”

“ಯಾರೋ ಲೋನಿನವರು.”

ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಆಶ್ಚರ್ಯವಾಯಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟುಕೊಂಡಾಗ ಫೋನು ಎದೆಯ ಮೇಲೆ ಬೆಚ್ಚಗಿತ್ತು. ಒಂದು ಮಾತು, ಅಷ್ಟೇ. ಅಕ್ಕಾರ, ಮನಿ ಬಿಟ್ಟು ಹೋಗ್ರಿ. ಆದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂದು ಹೇಳಿದರೆ ಕೇರಿಗೆ ಗೊತ್ತಾಗುತ್ತದೆ, ಕೇರಿಗೆ ಗೊತ್ತಾದದ್ದು ಸಾಹೇಬರಿಗೆ ಗೊತ್ತಾಗುತ್ತದೆ. ದೀಪಾವಳಿಯ ಮೇಲೆ ಬರಬೇಕಾದ ದೊಡ್ಡ ಕೆಲಸ ಹೋಗುತ್ತದೆ. ಸೀರೆ ಕೇಳುವವರಿಲ್ಲದೆ ಮುಚ್ಚಿ, ಈ ಚೀಲದ ದೆಸೆಯಿಂದ ಬಾಯಿ ತೆರೆದ ಮಗ್ಗಗಳು ಮತ್ತೆ ಮುಚ್ಚುತ್ತವೆ. ಹಾಗೆಂದು ತನಗೆ ತಾನೇ ಹೇಳಿಕೊಂಡ. ಆದರೆ ಅದರ ಕೆಳಗೆ ಇನ್ನೊಂದು ಕಾರಣ ಇತ್ತು, ಅದು ಇದಕ್ಕಿಂತ ಸಣ್ಣದು, ಇದಕ್ಕಿಂತ ಹೊಲಸು: ತಾನು ಆಡಿದ ಆ ಹಾಸ್ಯವನ್ನು ದೇವಕಿಯ ಮುಂದೆ ಮತ್ತೊಮ್ಮೆ ಆಡಬೇಕಾಗುತ್ತದೆ.

ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕಿಟಕಿಯ ಸೀಟು ಅಲ್ಲಾಸಾಬ ಹಿಡಿದಿಟ್ಟಿದ್ದ. ಶುಭ್ರ ಟೋಪಿ, ಕೈಗೆ ಅತ್ತರು. ಸನ್ಮಾನ ಫಕೀರೇಶನಿಗಾದರೂ ಸಂಭ್ರಮವೆಲ್ಲ ಅವನದು. ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಮೋಡ ತಲೆಯ ಮೇಲೆ ಓಡುತ್ತಿತ್ತು, ಒಂದು ಹನಿ ಬೀಳುತ್ತಿರಲಿಲ್ಲ. ಇದೇ ಮೋಡ ಅಲ್ಲಿ ಹೊಯಿಗೆಕೇರಿಯಲ್ಲಿ ಸುರಿದು ಹಗುರಾಗಿ, ಬರಿಗೈಯಲ್ಲಿ ಇತ್ತ ಬಂದಿರಬೇಕು. ಗೋಡೆ ಪೇರಿಸುವಾಗ ಅವನು ಅಲ್ಲಿಗೆ ಹೋಗಿದ್ದ, ಹುಟ್ಟಿದಾಗಿನಿಂದ ಮೊದಲ ಸಲ ಕಡಲು ನೋಡಿದ್ದ. ಎಲ್ಲರೂ ಹೇಳಿದ್ದ ಆನಂದವೇನೂ ಆಗಲಿಲ್ಲ. ರಾತ್ರಿಯೆಲ್ಲ ಅದರ ಸದ್ದು ಕೇಳಿಸಿಕೊಂಡು ಮಲಗಿದವನಿಗೆ, ಲೆಕ್ಕ ತಪ್ಪಿದ ಮಗ್ಗವೊಂದನ್ನು ಯಾರೋ ಹಟಕ್ಕೆ ಬಿದ್ದು ನಡೆಸುತ್ತಿದ್ದಾರೆ ಎನಿಸಿತ್ತು. ಮಲಗಿದ್ದು ದೇವಕಿಯ ಮನೆಯಲ್ಲೇ, ಗೋಡೆಗೆ ಎಲ್ಲರಿಗಿಂತ ಹತ್ತಿರದ ಮನೆ. ಗಂಡ ದೋಣಿಯ ಜೊತೆ ಹೋದವನು ಬಂದಿರಲಿಲ್ಲ, ಬಹಳ ವರ್ಷದ ಮಾತು. ಒಂದು ಮಗ್ಗುಲು ಬಿದ್ದುಹೋದ ಅತ್ತೆ, ಈಕೆ, ಇಬ್ಬರೇ. ಇವನು ಮೀನು ಮುಟ್ಟುವವನಲ್ಲವೆಂದು ಗೊತ್ತಾಗಿ, ಮೀನು ಕಾಣದ ಪಾತ್ರೆ ಹುಡುಕಿಕೊಂಡು ಆಕೆ ಅರ್ಧ ಮೈಲು ನಡೆದು, ದೇವಸ್ಥಾನದ ಭಟ್ಟರ ಮನೆಯಿಂದ ತಂದು, ಬಟಾಟೆ ಪಲ್ಯ ಮಾಡಿ ಬಡಿಸಿದ್ದಳು. ಆ ಪಾತ್ರೆಯನ್ನು ಉಂಡ ಮೇಲೆ ಮೂರು ಸಲ ತೊಳೆದು ಹಿಂದಿರುಗಿಸಿದ್ದಳು. ತೊಳೆಯುವುದನ್ನು ಜಗಲಿಯಲ್ಲಿ ಕೂತು ನೋಡುತ್ತಿದ್ದ ತನಗೆ ಆಗಲಾದರೂ ಬಾಯಿ ಬರಬಹುದಿತ್ತು. ಬದಲಿಗೆ ತನ್ನ ಕೈಚೀಲದಿಂದ ಒಂದು ಬೆಟಗೇರಿ ಸೀರೆ ತೆಗೆದು ಮುದುಕಿಗೆ ಕೊಟ್ಟು, “ನಮ್ಮೂರ ನೇಯ್ಗಿ ಹರಿಯೂದಿಲ್ಲಬೇ ಯವ್ವಾ, ಸೀರಿನೂ ಅಷ್ಟ, ಗ್ವಾಡಿನೂ ಅಷ್ಟ,” ಎಂದಿದ್ದ. ಮುದುಕಿ ಆಡುವ ಒಂದೇ ಕೈಯಲ್ಲಿ ಸೀರೆಯನ್ನು ಸವರಿ ನಕ್ಕಿದ್ದಳು.

ಫೋನು ಗುರುಗುಟ್ಟಿತು. ಅಲ್ಲಾಸಾಬ ಅವನ ಜೇಬನ್ನೇ ನೋಡಿದ. ಫಕೀರೇಶ ವಿಡಿಯೋ ತೆಗೆದು ಅವನ ಕೈಗಿಟ್ಟ. ಅಲ್ಲಾಸಾಬ ನೋಡಿದ, ಕರಿಯ ಸಿಪ್ಪೆ ಎಳೆಯುವ ಕೈಯನ್ನು ಮತ್ತೆ ತಿರುವಿ ನೋಡಿದ. ಕಂಡಕ್ಟರು ಬಂದು ಟಿಕೆಟ್ ಹರಿದು ಕೊಟ್ಟು ಹೋದ.

“ನನ್ನ ಎಣ್ಣಿ ಖರೆ ಇತ್ತ್ರಿ,” ಎಂದ ಕೊನೆಗೆ.

“ಎಣ್ಣಿದೇನ್ ತಪ್ಪಂತ ಯಾರರ ಅಂದರೇನು?”

“ಅಲ್ಲ, ಹೇಳ್ತೀನಿ.” ದನಿ ಇಳಿಸಿ, “ಆಕಿಗೆ ಹೇಳಿಬಿಡ್ರಿ. ಸಾಹೇಬರಿಗೆ ಹೇಳೂದು ಬ್ಯಾಡ. ಆಕಿಗೆ ಅಷ್ಟ ಹೇಳ್ರಿ. ಮುದುಕಿ ಜೀವ ಐತಿ, ಅಲ್ಲಾನ ಮುಂದ ನಾ ಏನಂತ ನಿಲ್ಲಲಿ?”

“ಆಕಿಗೆ ಹೇಳಿದ್ರ ಸಾಹೇಬರಿಗೆ ಹೇಳಿದಂಗ ಆತಲ್ರಿ ಸಾಬ್ರ.”

“ಹಂಗಂದ್ರ… ನಿಂತರೂ ನಿಂತೀತು ಗ್ವಾಡಿ. ದೇವರು ದೊಡ್ಡಾಂವ.” ಅಲ್ಲಾಸಾಬ ಫೋನನ್ನು ಹಿಂದೆ ಕೊಟ್ಟು ಕಿಟಕಿಯ ಕಡೆ ಹೊರಳಿದ. ಶಿರಹಟ್ಟಿ ದಾಟಿದರೂ ಅವನ ಕುತ್ತಿಗೆ ಹಾಗೇ ಹೊರಳಿತ್ತು. ದೇವರ ಮೇಲೆ ಭಾರ ಹಾಕುವುದರಲ್ಲಿ ತಮ್ಮಿಬ್ಬರಿಗೂ ಭೇದವಿಲ್ಲ ಎಂದುಕೊಂಡ ಫಕೀರೇಶನಿಗೆ ಬಸ್ಸಿನಿಂದ ಇಳಿದು ಎತ್ತಲಾದರೂ ನಡೆದುಬಿಡಬೇಕೆನಿಸಿತು. ಇಳಿದರೆ ಸುತ್ತ ಎರೆಹೊಲ, ನೆಟ್ಟಗೆ ಕಣ್ಣು ಹೋದಷ್ಟೂ ಹೊಲ. ಅಡಗಲು ಒಂದು ಮರವಿರಲಿಲ್ಲ.

ಸನ್ಮಾನ ಸೋಮೇಶ್ವರ ಗುಡಿಯ ಹತ್ತಿರದ ಸಭಾಭವನದಲ್ಲಿ. ಕರೆದವರು ಕಾಳಿನ ವ್ಯಾಪಾರದ ನಿಜಲಿಂಗಪ್ಪನವರು, ತೂಕದ ಮನುಷ್ಯ, ಮಾತೂ ತೂಕದ್ದೇ. ಅವರ ಗೆಳೆಯರ ಬಳಗ ವರ್ಷಕ್ಕೊಬ್ಬ ಸಾಧಕನನ್ನು ಹಿಡಿದು ತರುತ್ತಿತ್ತು. ಈ ವರ್ಷ ಪತ್ರಿಕೆಯ ಮೂಲೆಯಲ್ಲಿ ಬಂದ ಸುದ್ದಿ ಓದಿ ಫಕೀರೇಶನನ್ನು ಹಿಡಿದಿದ್ದರು. ವೇದಿಕೆಯ ಮೇಲೆ ಅವನ ಕಾಲು ನೆಲ ಮುಟ್ಟದಂಥ ಎತ್ತರದ ಸೋಫಾ. ಕೆಳಗೆ ಮೊದಲ ಸಾಲಿನಲ್ಲಿ ಅಲ್ಲಾಸಾಬ, ಕೈಕಟ್ಟಿ. ನಿಜಲಿಂಗಪ್ಪನವರು ಮೈಕು ಹಿಡಿದು, “ನೋಡ್ರಿ, ಎಂಥಾ ಮಾತಿದು! ಕುಡಿಯೂ ನೀರಿಗೆ ಕೊಡಾ ಹಿಡಕೊಂಡು ನಿಲ್ಲೂ ಮಂದಿ ನಾವು. ನಮ್ಮ ಹೊಲದ ಬದುವಿನ ಪುಂಡಿ, ನಮ್ಮ ಬೆಟಗೇರಿ ಮಗ್ಗ, ಹೋಗಿ ಸಮುದ್ರಕ್ಕ ‘ನಿಂದ್ರು’ ಅಂದೈತಿ. ಸಮುದ್ರ ನಿಂತೈತಿ!” ಎಂದರು. ಚಪ್ಪಾಳೆ ಬಿತ್ತು. ಫಕೀರೇಶನ ಎದೆಯ ಮೇಲೆ ಫೋನು ನಡುಗಿತು. ಕೈ ಎತ್ತುವ ಹಾಗಿರಲಿಲ್ಲ, ಶಾಲು ಹೊದಿಸಲು ಬಂದಿದ್ದರು. ಶಾಲು ಮಿಲ್ಲಿನದು, ಹೊಸದು, ಭುಜದ ಮೇಲೆ ಬಿದ್ದಾಗ ಹಾಳೆಯಂತೆ ಸರಸರ ಎಂದಿತು. ಅವನ ಬೆರಳು ತನ್ನಷ್ಟಕ್ಕೆ ಅದರ ಅಂಚನ್ನು ತಿಕ್ಕಿ ನೋಡಿತು: ಮೈತುಂಬ ಗಂಜಿ. ಒಮ್ಮೆ ತೊಳೆದರೆ ಇದು ಕರವಸ್ತ್ರವಾಗುತ್ತದೆ. ನಗು ಬಂತು, ಆ ನಗುವಿನಲ್ಲೇ ಫೋಟೋ ಕ್ಲಿಕ್ಕಾಯಿತು. ಶೈಲಾಳ ಆಸೆ ತೀರಿತು. ತಲೆಗೆ ಸುತ್ತಿದ ಪೇಟ ದೊಡ್ಡದಾಗಿ ಕಣ್ಣಿನ ಮೇಲೆ ಜಾರುತ್ತಿತ್ತು. “ಒಂದ ಕೈಲೆ ಹಿಡ್ಕೊರಿ, ಇನ್ನೊಂದ ಕೈಲೆ ಫಲಕ ಹಿಡ್ಕೊರಿ,” ಎಂದು ಫೋಟೋದವನು ಬೈದ ಹಾಗೆ ಹೇಳಿದ. ಹಾಗೇ ಹಿಡಿದುಕೊಂಡ. ಎಲ್ಲರೂ ನೋಡುತ್ತಿರುವಾಗ ಬೀಳುವ ಪೇಟವನ್ನು ಹಿಡಿದು ನಿಂತ ಮನುಷ್ಯನಷ್ಟು ನಾಚಿಕೆಗೇಡಿ ಮತ್ತೊಬ್ಬನಿಲ್ಲ ಅನಿಸಿತು.

ಎರಡು ಮಾತು ಆಡಿರೆಂದರು. ಮೈಕಿನ ಮುಂದೆ ನಿಂತಾಗ ನಿಜವಾಗಿಯೂ ಹೇಳಿಬಿಡುತ್ತೇನೆ ಎಂದುಕೊಂಡಿದ್ದ. ಇಲ್ಲಿ ಹೇಳಿದರೆ ಮುಗಿಯಿತು, ಎಲ್ಲರಿಗೂ ಒಂದೇ ಸಲ, ದೇವಕಿಗೂ ಸಾಹೇಬರಿಗೂ. ಬಾಯಿ ತೆರೆದ. “ನಾವು ಗಂಜಿ ತೊಳೀಲಿಲ್ಲ” ಎನ್ನಬೇಕು, ಅಷ್ಟರಲ್ಲಿ ಈ ಸಭೆಗೆ ಅದು ಎಷ್ಟು ಕ್ಷುಲ್ಲಕವಾಗಿ ಕೇಳಿಸುತ್ತದೆಂದು ಹೊಳೆಯಿತು. ಯಾರಿಗೂ ಅರ್ಥವಾಗುವುದಿಲ್ಲ, ನಗುತ್ತಾರೆ. “ನಿಮ್ಮ ಪ್ರೀತಿ ದೊಡ್ಡದ್ರಿ,” ಎಂದು ಹೇಳಿ ಕೂತ. ಅದಕ್ಕೂ ಚಪ್ಪಾಳೆ ಬಿತ್ತು.

ಹೋಳಿಗೆ ಊಟವನ್ನು ಅರ್ಧಕ್ಕೇ ಬಿಟ್ಟೆದ್ದ. ಮಧ್ಯಾಹ್ನದ ಬಿಸಿಲಿಲ್ಲದ ಬೆಳಕಿನಲ್ಲಿ ಗುಡಿಯ ಪ್ರಾಕಾರಕ್ಕೆ ಬಂದು, ಕಲ್ಲಿನ ಕಂಬಕ್ಕೆ ಒರಗಿ ಫೋನು ತೆಗೆದ. ಪೇಟ ಇನ್ನೂ ತಲೆಯ ಮೇಲೇ ಇತ್ತು. ಕೊಡುವುದು ಯಾರಿಗೆ ಎಂದು ತಿಳಿಯದೆ ಹಾಗೇ ಬಂದಿದ್ದ. ಈಗ ಹೇಳುತ್ತೇನೆ. ಮನಿ ಬಿಡ್ರಿ ಅಕ್ಕಾರ, ಚೀಲಾ ಛಲೋ ಇಲ್ಲ, ತಪ್ಪು ನಂದು. ಇಷ್ಟೇ. ತುಟಿ ಅಲುಗಿಸಿ ಎರಡು ಸಲ ಹೇಳಿ ನೋಡಿಕೊಂಡ. ಒತ್ತಿದ. ಒಂದೇ ರಿಂಗಿಗೆ ಎತ್ತಿದಳು. ಹಿಂದೆ ಗಾಳಿಯ ಅಬ್ಬರ, ಏನೋ ತಗಡು ಬಡಿದುಕೊಳ್ಳುವ ಸದ್ದು.

“ಅಣ್ಣ! ಕಾರ್ಯಕ್ರಮದಲ್ಲಿ ಇದ್ರಿ ಅಲ್ವಾ, ಅದಕ್ಕೇ ಎತ್ಲಿಲ್ಲ! ನಾನು ಸುಮ್ನೆ ಬೈಕೊಂಡೆ ನಿಮ್ಮನ್ನು.”

“ಅಕ್ಕಾರ, ಅದು…”

“ನಿಮ್ಮ ಫೋಟೋ ಬಂತು ಇಲ್ಲಿ! ಸಾಹೇಬ್ರು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದ್ದಾರೆ. ಎಷ್ಟು ಚಂದ ಕಾಣ್ತೀರಿ ಪೇಟ ಇಟ್ಕೊಂಡು! ಅತ್ತೆಗೆ ತೋರ್ಸಿದೆ. ಅಷ್ಟು ದೊಡ್ಡ ಜನ ಕರ್ದು ಮರ್ಯಾದೆ ಮಾಡ್ಬೇಕಾದ್ರೆ ಗೋಡೆ ಸುಮ್ನೆ ಅಲ್ಲ ಅಂತ ಅತ್ತೆ ಹೇಳಿದ್ರು. ನಾನು ಬಟ್ಟೆ ಗಂಟು ಕಟ್ಟಿದ್ದೆ, ಬಿಚ್ಚಿ ಇಟ್ಟೆ. ನೋಡಿ, ನೀವು ಕೊಟ್ಟ ಸೀರೆ ಉಟ್ಕೊಂಡೇ ಮಲಗಿದ್ದಾರೆ. ಸಿಪ್ಪೆ ಹೋದ್ರೆ ಹೋಗ್ಲಿ, ಅದು ಮೇಲಿನ ಬಣ್ಣ ಅಷ್ಟೇ ಅಲ್ವಾ?”

ಗುಡಿಯ ಕಟ್ಟೆಯ ಮೇಲೆ ಒಂದು ಪಾರಿವಾಳ ತನ್ನ ಸುತ್ತ ತಾನೇ ತಿರುಗುತ್ತಿತ್ತು. ಅವಳ ದನಿಯಲ್ಲಿದ್ದ ಸಂತೋಷ, ತನಗಾಗಿ ಪಟ್ಟ ಸಂತೋಷ, ಅದನ್ನು ಈಗ ಹೇಗೆ ಮುರಿಯುವುದು? ಒಂದು ಕ್ಷಣ, ಇನ್ನೊಂದೇ ಕ್ಷಣ ಅವಳು ತನ್ನನ್ನು ಒಳ್ಳೆಯವನೆಂದು ತಿಳಿದಿರಲಿ ಎನ್ನಿಸಿತು.

“ಅಲ್ವಾ ಅಣ್ಣ?”

“ಹೂಂ,” ಎಂದ.

“ಸಾಕು ಬಿಡಿ, ನಿಮ್ಮ ಬಾಯಿಂದ ಬಂತಲ್ಲ,” ಎಂದಳು. ಗಾಳಿ ಅವಳ ಮುಂದಿನ ಮಾತನ್ನು ಕಿತ್ತುಕೊಂಡಿತು, ಫೋನು ಸತ್ತಿತು.

ಆ ಕೂಡಲೇ ಅವನಿಗೆ ಧೈರ್ಯ ಬಂತು. ಬರಬಾರದ ಹೊತ್ತಿಗೇ ಬರುವ ನೆಂಟನ ಹಾಗೆ ಬಂತು. ಮತ್ತೆ ಒತ್ತಿದ. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಒತ್ತಿದ. ಹೊರಗಿದ್ದಾರೆ. ಆ ಹೆಂಗಸಿನ ಸೌಮ್ಯ ದನಿ ಮತ್ತೆ ಮತ್ತೆ ಅದೇ ಮಾತನ್ನು ಅಷ್ಟೇ ಸೌಮ್ಯವಾಗಿ ಹೇಳಿತು. ಪೇಟ ಕಿತ್ತು ಕಂಬದ ಬುಡದಲ್ಲಿಟ್ಟು ಎಂಜಿನಿಯರ್ ಸಾಹೇಬರಿಗೆ ಫೋನು ಹಚ್ಚಿದ.

“ಅಭಿನಂದನೆ ಫಕೀರೇಶ್! ಫೋಟೋ ನೋಡಿದೆ.”

“ಸಾಹೇಬ್ರ, ಆ ದೇವಕಿ ಮನಿಯವರನ್ನ ಸ್ವಲ್ಪ ಎಬ್ಬಿಸಿ ಶಾಲಿಗೆ ಕಳಸ್ರಿ. ಫೋನ್ ಹತ್ತವಲ್ದು.”

“ಕಂಬ ಬಿದ್ದಿವೆಯಂತೆ ಆ ಕಡೆ. ಯಾಕೆ, ಚೀಲದಲ್ಲಿ ಏನಾದರೂ ತೊಂದರೆ ಇದೆಯಾ?” ದನಿ ಥಟ್ಟನೆ ಬದಲಾಗಿತ್ತು. ಅದು ಅಧಿಕಾರಿಯ ದನಿ.

ಎದುರಿಗೆ ಅಲ್ಲಾಸಾಬ ಎಲೆಯಡಿಕೆ ಹಿಡಿದುಕೊಂಡು ಬಂದು ನಿಂತಿದ್ದ. ಅವನ ಕಣ್ಣು ಫಕೀರೇಶನ ಬಾಯಿಯ ಮೇಲಿತ್ತು. ಹೇಳು ಎನ್ನುತ್ತಿತ್ತೋ, ಬೇಡ ಎನ್ನುತ್ತಿತ್ತೋ ತಿಳಿಯಲಿಲ್ಲ.

“ಇಲ್ರಿ… ಗಾಳಿ ಜೋರೈತಿ ಅಂದ್ರು, ಅದಕ್ಕ.”

“ಗೋಡೆ ಇದೆಯಲ್ಲ! ಬೆಳಿಗ್ಗೆ ನೋಡಿದಾಗಲೂ ಗಟ್ಟಿಯಾಗಿತ್ತು. ನಾನು ಮೀಟಿಂಗಿನಲ್ಲಿದ್ದೇನೆ, ಆಮೇಲೆ ಮಾತಾಡೋಣ.”

ಹಿಂದಿರುಗುವ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ಸೀಟು ಖಾಲಿ ಇದ್ದವು. ಆದರೆ ಕಾರಣ ಅದಲ್ಲ. ಎಲ್ಲೋ ನಡುವೆ ಫಕೀರೇಶ ನಿದ್ದೆಹೋದ. ಅಂಥ ದಿನವೂ ನಿದ್ದೆ ಬಂತಲ್ಲ ಎಂದು ಎಚ್ಚರವಾದಾಗ ಹೇಸಿಕೆಯಾಯಿತು. ಫೋನು ನೋಡಿದ. ಏನೂ ಇರಲಿಲ್ಲ. ಮುದುಕಿಯನ್ನು ಹೊತ್ತುಕೊಂಡು ದೇವಕಿ ಮರಳಿನಲ್ಲಿ ಓಡುವುದನ್ನು ಕಣ್ಣಿಗೆ ತಂದುಕೊಳ್ಳಲು ನೋಡಿದ. ಓಡಿದರೆ ಬದುಕುತ್ತಾಳೆ. ಆದರೆ ಕಣ್ಣಿಗೆ ಬಂದದ್ದು ಬಿಚ್ಚಿಟ್ಟ ಬಟ್ಟೆಯ ಗಂಟು.

ಬೆಟಗೇರಿಯ ಓಣಿಗೆ ಕಾಲಿಟ್ಟಾಗ ಹೊತ್ತು ಮುಳುಗುವುದಿತ್ತು, ಓಣಿಯ ತುಂಬ ಗದ್ದಲ. ನಳ ಬಂದಿತ್ತು. ಹೆಂಗಸರು ಕೊಡ, ಹಂಡೆ, ಬಕೀಟು, ಎಣ್ಣೆಯ ಹಳೇ ಡಬ್ಬಿ, ಸಿಕ್ಕಿದ್ದಕ್ಕೆಲ್ಲ ತುಂಬುತ್ತಿದ್ದರು. ಶೈಲಾ ಸೀರೆ ಎತ್ತಿ ಕಟ್ಟಿ, ಬೆವರುತ್ತ, ನಗುತ್ತ, “ಶಾಲು ತೋರಸ್ರಿ! ಅಯ್ಯ, ಪೇಟ ಎಲ್ಲಿ ಬಿಟ್ಟ್ರಿ?” ಎಂದಳು. ಅವನು ನೆಟ್ಟಗೆ ಶೆಡ್ಡಿಗೆ ಹೋದ. ಮೂಲೆಯಲ್ಲಿ, ಲಾರಿಗೆ ಏರದೆ ಉಳಿದ ಒಂದು ಚೀಲವಿತ್ತು, ಎಣ್ಣೆ ಹಚ್ಚುವ ಮೊದಲಿನದು. ತಂದು ಹಿತ್ತಲ ಕಲ್ಲಿನ ಮೇಲೆ ಹಾಕಿದ. ಅಂಗಿ ಬಿಚ್ಚಿ ಗೂಟಕ್ಕೆ ತೂಗುಹಾಕಿದ. ತುಂಬಿಟ್ಟ ಒಂದು ಕೊಡವನ್ನು ಎತ್ತಿ ಚೀಲದ ಮೇಲೆ ಸುರಿದ, ತಿಕ್ಕಿದ, ಹಿಂಡಿದ. ನೀರು ಹಾಲಿನ ಹಾಗೆ ಬೆಳ್ಳಗೆ ಹರಿದು ಬಚ್ಚಲ ಕಡೆ ಹೋಯಿತು. ಹುಳಿ ಬಂದ ಜೋಳದ ವಾಸನೆ ಎದ್ದಿತು. ಎರಡನೆಯ ಕೊಡ ಸುರಿದ. ನೀರು ಮಬ್ಬಾಗಿತ್ತು. ಮೂರನೆಯ ಕೊಡಕ್ಕೆ ಚೀಲ ಮೆತ್ತಗಾಯಿತು, ನಾರಿನ ನಿಜವಾದ ಬಣ್ಣ ಬಂತು, ಅದರಿಂದ ಇಳಿದ ನೀರು ಕುಡಿಯುವಷ್ಟು ತಿಳಿಯಾಗಿತ್ತು. ಒಂದು ಚೀಲಕ್ಕೆ ಮೂರೇ ಕೊಡ. ಅಷ್ಟೇ ಸಾಕಾಗುತ್ತಿತ್ತು.

“ಏನ್ ಮಾಡಾಕತ್ತೀರಿ ನೀವು! ಕುಡಿಯೂ ನೀರದು!” ಶೈಲಾ ಓಡಿ ಬಂದಳು. ಹಿಂಡಿದ ಚೀಲವನ್ನು ಎದೆಗವಚಿ ಕೂತ ಗಂಡನನ್ನು ನೋಡಿ ಅವಳ ಸಿಟ್ಟು ಅರ್ಧಕ್ಕೆ ನಿಂತಿತು. ಸನ್ಮಾನದ ಅಮಲು ಇನ್ನೂ ಇಳಿದಿಲ್ಲ ಎಂದುಕೊಂಡಳೇನೋ, ನಕ್ಕುಬಿಟ್ಟಳು. “ನೀವ ಅಂದಿದ್ರೆಲ್ಲ ಅವತ್ತ, ಸಮುದ್ರದಾಗ ನೀರಿಗೇನ್ ಬರಗಾಲ, ತಾವ ತೊಳಕೊಂತಾವ ಅಂತ. ಓಣ್ಯಾಗಿನ ಮಂದಿ ಇನ್ನೂ ಹೇಳಿ ನಗ್ತಾರ.”

ಒಳಗೆ ಹಲಗೆಯ ಮೇಲೆ ಮಣ್ಣೆತ್ತುಗಳು ಒಣಗಿ ನಿಂತಿದ್ದವು. ಓಣಿಯಲ್ಲಿ ಯಾರೋ ನಳ ಹೋಯಿತೆಂದು ಕೂಗಿದರು. ಶೈಲಾ ಖಾಲಿ ಕೊಡಗಳನ್ನು ಎತ್ತಿಕೊಂಡು ಹೊರಗೆ ಓಡಿದಳು. ಫಕೀರೇಶ ಗೂಟದ ಮೇಲಿನ ಅಂಗಿಯನ್ನೇ ನೋಡುತ್ತ ಕೂತ. ಬೆಳಿಗ್ಗೆಯಿಂದ ಬಿಡದೆ ಗುರುಗುಟ್ಟಿದ್ದ ಫೋನು ಈಗ ಗುರುಗುಟ್ಟಲಿಲ್ಲ.